ಪಂಚಾಯಿತಿಗೆ ನಿಲ್ಲುವವರು ಯಾರು?

(ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ರೈತರ ಮುಂದೆ ಮಾಡಿದ ಭಾಷಣ)



ಹಾಲಿನ ದರ, ಟೊಮೇಟೊ ರೋಗ, ಮಾವಿನ ಹೂವು ಉದುರುವುದು, ಹಿಪ್ಪುನೇರಳೆ ಸೊಪ್ಪು, ಇಂಥ ವಿಚಾರಗಳನ್ನು ಕೇಳಿ ತಿಳಿಯೋಣವೆಂದು ನೀವು ಕೆಲಸ ಬಿಟ್ಟು ಬಂದಿದ್ದೀರಿ. ಅವನ್ನು ಬಲ್ಲವರು ಹೇಳುತ್ತಾರೆ. ನಾನು ಈ ದಿನ ಬೇರೊಂದು ಮಾತನ್ನು ಎತ್ತಿಕೊಂಡಿದ್ದೇನೆ. ಚುನಾವಣೆಗೆ ಉಮೇದುವಾರರಾಗಿ ನಿಲ್ಲುವವರು ಯಾರು? ಹಿಂದೆ ಯಾರು ನಿಲ್ಲುತ್ತಿದ್ದರು, ಈಗ ಯಾರು ಯಾರು ನಿಲ್ಲುತ್ತಿದ್ದಾರೆ, ಅದರಿಂದ ನಮ್ಮ ಊರಿಗೆ ಆಗುವುದೇನು?

ಇದು ರಾಜಕೀಯವಾಯಿತಲ್ಲ ಎಂದು ಹಿಂದೆ ಕೂತಿರುವ ಯಜಮಾನರು ಅಂದುಕೊಳ್ಳಬಹುದು. ನಾನು ಯಾವ ಪಕ್ಷದ ಪರವಾಗಿಯೂ ಬಂದವನಲ್ಲ. ಗ್ರಾಮ ಪಂಚಾಯಿತಿಯ ಚುನಾವಣೆಯಲ್ಲಿ ಪಕ್ಷದ ಚಿಹ್ನೆಗೆ ಅವಕಾಶವೇ ಇಲ್ಲವೆಂಬುದನ್ನು ನೀವು ಬಲ್ಲಿರಿ. ಚಿಹ್ನೆ ಇಲ್ಲದಿದ್ದರೂ ಪಕ್ಷ ಇರುತ್ತದೆಂಬುದನ್ನೂ ಬಲ್ಲಿರಿ. ಆ ಮಾತು ಬೇರೆ. ಯಾವ ಓಣಿಗೆ ಮೊದಲು ನಲ್ಲಿ ಬರಬೇಕು, ಯಾವ ಬೀದಿಗೆ ದೀಪ ಬೇಕು, ಮನೆ ಕೊಡಬೇಕಾದವರ ಪಟ್ಟಿಯಲ್ಲಿ ಯಾರ ಹೆಸರು ಇರಬೇಕು ಎಂಬುದು ತೀರ್ಮಾನವಾಗುವುದು ಪಂಚಾಯಿತಿಯ ಸಭೆಯಲ್ಲಿ. ಆ ಸಭೆಯಲ್ಲಿ ಕೂತವರಿಗೆ ತಾವು ನಡೆದ ದಾರಿ ಮಾತ್ರ ಕಾಣುತ್ತದೆ. ಆದುದರಿಂದ ಅಲ್ಲಿ ಯಾರು ಕೂರುತ್ತಾರೆಂಬುದು ನಿಮ್ಮ ಹೊಲ ಮನೆಯ ವಿಚಾರವೇ ಹೌದು.

ಮೊದಲು ಸ್ವಲ್ಪ ಹಳೆಯ ಸಂಗತಿ. ನಮ್ಮ ಮೈಸೂರು ಸೀಮೆಯಲ್ಲಿ 1881ರಲ್ಲಿ, ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, ಪ್ರಜಾಪ್ರತಿನಿಧಿ ಸಭೆ ಮೊದಲು ಸೇರಿತು. ದೇಶದಲ್ಲಿ ಇತರ ಕಡೆ ಅಂಥ ಸಭೆಯ ಯೋಚನೆಯೇ ಇಲ್ಲದ ಕಾಲ ಅದು. ನಾವು ಹೆಮ್ಮೆ ಪಡುವುದು ನ್ಯಾಯವೇ. ಆದರೆ ಆ ಸಭೆಗೆ ಬಂದವರು ಜಮೀನು ಉಳ್ಳವರು ಮತ್ತು ವರ್ತಕರು. ಉಳುವ ಆಳು, ಮಗ್ಗದವನು, ಕುರಿ ಕಾಯುವವನು, ಹೆಂಗಸರು, ಇವರು ಯಾರೂ ಅಲ್ಲಿರಲಿಲ್ಲ. ಊರಿನೊಳಗೂ ಹಾಗೆಯೇ. ಪಟೇಲಿಕೆ, ಶ್ಯಾನುಭೋಗಿಕೆ ತಂದೆಯಿಂದ ಮಗನಿಗೆ ಬರುತ್ತಿದ್ದವು. ತೋಟಿ, ತಳವಾರ, ನೀರಗಂಟಿಗಳ ಕೆಲಸವೂ ವಂಶದಿಂದಲೇ ಬರುತ್ತಿತ್ತು. ಹುಟ್ಟುವಾಗಲೇ ಒಬ್ಬನ ಪಾಲಿಗೆ ಅಧಿಕಾರ, ಇನ್ನೊಬ್ಬನ ಪಾಲಿಗೆ ಓಡಾಟ. 1961ರ ಕಾಯಿದೆಯಿಂದ ಈ ವಂಶಪಾರಂಪರ್ಯದ ಹುದ್ದೆಗಳು ರದ್ದಾಗಿ, 1963ರಿಂದ ಜಾರಿಗೆ ಬಂದಿತು. ನಮ್ಮಲ್ಲಿ ಕೆಲವರ ಅಜ್ಜಂದಿರು ಆ ಕಾಲದವರು. ಅದೇನು ಪುರಾಣದ ಕಾಲವಲ್ಲ.

ಸ್ವಾತಂತ್ರ್ಯ ಬಂದ ಮೇಲೆ 1951-52ರಲ್ಲಿ ಮೊದಲ ಮಹಾ ಚುನಾವಣೆ ನಡೆಯಿತು. 21 ವರ್ಷ ತುಂಬಿದ ಗಂಡಸು ಹೆಂಗಸು ಎಲ್ಲರಿಗೂ ವೋಟು ಬಂತು. ಈ ವಯಸ್ಸು 18ಕ್ಕೆ ಇಳಿದದ್ದು 1989ರಲ್ಲಿ. ಆ ಮೊದಲ ಚುನಾವಣೆಯ ಒಂದು ಸಂಗತಿಯನ್ನು ಸೋದರಿಯರು ಕೇಳಬೇಕು. ಪಟ್ಟಿ ಬರೆಯಲು ಮನೆ ಮನೆಗೆ ಹೋದವರಿಗೆ ಅನೇಕ ಹೆಂಗಸರು ತಮ್ಮ ಹೆಸರನ್ನೇ ಹೇಳಲಿಲ್ಲ. ಇಂಥವನ ಹೆಂಡತಿ, ಇಂಥವನ ತಾಯಿ ಎಂದಷ್ಟೇ ಹೇಳಿದರು. ಹೆಚ್ಚಾಗಿ ಉತ್ತರ ದೇಶದಲ್ಲಿ ಹೀಗಾಯಿತು. ಹೆಸರಿಲ್ಲದವರನ್ನು ಪಟ್ಟಿಯಲ್ಲಿ ಇಟ್ಟುಕೊಳ್ಳುವಂತಿಲ್ಲವೆಂದು ಸುಮಾರು 28 ಲಕ್ಷ ಹೆಂಗಸರನ್ನು ಪಟ್ಟಿಯಿಂದ ತೆಗೆದರು. ಹೆಸರು ಹೇಳುವುದೇ ಅಷ್ಟು ಕಷ್ಟವಾಗಿದ್ದ ದೇಶದಲ್ಲಿ, ಈಗ ಹೆಂಗಸಿನ ಹೆಸರು ಪಂಚಾಯಿತಿ ಕಛೇರಿಯ ಗೋಡೆಯ ಮೇಲೆ ಅಧ್ಯಕ್ಷರ ಸಾಲಿನಲ್ಲಿ ಇರುತ್ತದೆ. ನಡುವೆ ಕಳೆದದ್ದು ಎಪ್ಪತ್ತು ವರ್ಷ ಮಾತ್ರ.

ನಮ್ಮ ಜಿಲ್ಲೆಯ ವಿಚಾರಕ್ಕೆ ಬರುತ್ತೇನೆ. 1947ರಲ್ಲಿ ಜವಾಬ್ದಾರಿ ಸರ್ಕಾರ ಬಂದಾಗ ಮೈಸೂರಿನ ಮೊದಲ ಮುಖ್ಯಮಂತ್ರಿಯಾದವರು ಇದೇ ಜಿಲ್ಲೆಯ ಕ್ಯಾಸಂಬಳ್ಳಿಯ ಕೆ. ಚೆಂಗಲರಾಯ ರೆಡ್ಡಿಯವರು. ದೇಶದ ಸಂವಿಧಾನವನ್ನು ರಚಿಸಿದ ಸಭೆಯಲ್ಲಿ ಮೈಸೂರಿನಿಂದ ಹೋದವರ ಪೈಕಿ ಅವರೂ ಇದ್ದರು, ದಲಿತ ಮುಖಂಡರಾದ ಟಿ. ಚನ್ನಯ್ಯನವರೂ ಇದ್ದರು. ಕೋಲಾರದ ರಂಗಮಂದಿರಕ್ಕೆ ಹೋದವರು ಚನ್ನಯ್ಯನವರ ಹೆಸರನ್ನು ಬಾಗಿಲಲ್ಲಿ ಓದಿರುತ್ತೀರಿ. ಮೊದಲೆರಡು ಚುನಾವಣೆಗಳಲ್ಲಿ ಕೋಲಾರ ಲೋಕಸಭಾ ಕ್ಷೇತ್ರದಿಂದ ಇಬ್ಬರನ್ನು ಆರಿಸುವ ಪದ್ಧತಿ ಇತ್ತು. ಒಂದು ಸ್ಥಾನ ಪರಿಶಿಷ್ಟ ಜಾತಿಯವರಿಗೆ. 1952ರಲ್ಲಿ ಎಂ.ವಿ. ಕೃಷ್ಣಪ್ಪನವರೂ ದೊಡ್ಡತಿಮ್ಮಯ್ಯನವರೂ ಹೀಗೆ ಜೊತೆಯಾಗಿ ಆಯ್ಕೆಯಾದರು. ಕೃಷ್ಣಪ್ಪನವರನ್ನು ಸೀಮೆಹಸು ತಂದವರೆಂದು ನಮ್ಮ ಹಾಲಿನ ರೈತರು ಈಗಲೂ ನೆನೆಯುತ್ತಾರೆ. ಜೊತೆಯಲ್ಲಿ ಗೆದ್ದ ದೊಡ್ಡತಿಮ್ಮಯ್ಯನವರನ್ನು ನೆನೆಯುವವರು ಕಡಿಮೆ. ಇದೂ ಯೋಚಿಸಬೇಕಾದ ಸಂಗತಿಯೇ.

1961ರಲ್ಲಿ ಇಬ್ಬರ ಪದ್ಧತಿ ರದ್ದಾಯಿತು. ಆಮೇಲೆ ಕೋಲಾರ ಲೋಕಸಭಾ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲಾಯಿತು. 1991ರಿಂದ 2014ರವರೆಗೆ ಕೆ.ಎಚ್. ಮುನಿಯಪ್ಪನವರು ಒಂದೇ ಸಮನೆ ಏಳು ಸಲ ಗೆದ್ದರು. ಜಿಲ್ಲೆಯ ಆರು ವಿಧಾನಸಭಾ ಕ್ಷೇತ್ರಗಳಲ್ಲಿ ಮುಳಬಾಗಿಲು 2008ರ ಚುನಾವಣೆಯಿಂದ ಮೀಸಲಾಯಿತು. ಬಂಗಾರಪೇಟೆ, ಕೆ.ಜಿ.ಎಫ್. ಕೂಡ ಮೀಸಲು. 2011ರ ಜನಗಣತಿಯಂತೆ ನಮ್ಮ ಜಿಲ್ಲೆಯ ಜನರಲ್ಲಿ ನೂರಕ್ಕೆ ಸುಮಾರು 30 ಮಂದಿ ಪರಿಶಿಷ್ಟ ಜಾತಿಯವರು. ರಾಜ್ಯದಲ್ಲಿ ಬೇರಾವ ಜಿಲ್ಲೆಯಲ್ಲಿಯೂ ಈ ಪ್ರಮಾಣ ಇಷ್ಟಿಲ್ಲ. ಹೀಗಿರುವಾಗ ಮೀಸಲಾತಿಯನ್ನು ಯಾರೋ ಯಾರಿಗೋ ಕೊಟ್ಟ ಇನಾಮು ಎಂದು ಮಾತಾಡುವುದು ಲೆಕ್ಕ ತಿಳಿಯದವರ ಮಾತು.

ಇನ್ನು ಶ್ರೀನಿವಾಸಪುರವನ್ನು ನೋಡಿ. 1978ರಿಂದ 2023ರವರೆಗೆ ಅಲ್ಲಿ ವಿಧಾನಸಭೆಗೆ ಗೆದ್ದವರು ಇಬ್ಬರೇ: ಕೆ.ಆರ್. ರಮೇಶ್ ಕುಮಾರ್ ಅವರು, ಜಿ.ಕೆ. ವೆಂಕಟಶಿವಾರೆಡ್ಡಿಯವರು. ಒಮ್ಮೆ ಇವರು, ಒಮ್ಮೆ ಅವರು. ಪಕ್ಷಗಳು ಬದಲಾದವು, ಚಿಹ್ನೆಗಳು ಬದಲಾದವು, ಹೆಸರುಗಳು ಬದಲಾಗಲಿಲ್ಲ. ಯಾರನ್ನು ಗೆಲ್ಲಿಸಬೇಕೆಂಬುದು ಮತದಾರರ ಇಷ್ಟ, ನಾನು ಆಕ್ಷೇಪಿಸುವವನಲ್ಲ. ನಾನು ಹೇಳುವುದಿಷ್ಟೆ: ತಾನಾಗಿಯೇ ಬಿಟ್ಟರೆ ಚುನಾವಣೆ ಹಳೆಯ ಗಾಡಿ ದಾರಿಯಲ್ಲಿಯೇ ಹೋಗುತ್ತದೆ. ಚಕ್ರ ಹೊಸ ದಾರಿಗೆ ತಿರುಗಬೇಕಾದರೆ ಒಂದು ಕಾಯಿದೆಯೋ ಒಂದು ಚಳವಳಿಯೋ ಬೇಕಾಗುತ್ತದೆ.

ಹೆಂಗಸರ ವಿಚಾರದಲ್ಲಿ ಇದು ಎದ್ದು ಕಾಣುತ್ತದೆ. 2024ರ ಚುನಾವಣೆಯೂ ಸೇರಿದಂತೆ ಕೋಲಾರದಿಂದ ಲೋಕಸಭೆಗೆ ಒಬ್ಬ ಹೆಂಗಸೂ ಗೆದ್ದು ಹೋಗಿಲ್ಲ. ಪಕ್ಕದ ಕೆ.ಜಿ.ಎಫ್.ನಲ್ಲಿ ಎಂ. ರೂಪಕಲಾ ಅವರು 2018ರಲ್ಲಿ ಗೆದ್ದು 2023ರಲ್ಲಿ ಮತ್ತೆ ಗೆದ್ದರು. ಆ 2023ರಲ್ಲಿ ರಾಜ್ಯದ 224 ಸ್ಥಾನಗಳಿಗೆ ಎರಡೂವರೆ ಸಾವಿರಕ್ಕೂ ಮೇಲ್ಪಟ್ಟು ಉಮೇದುವಾರರು ನಿಂತಿದ್ದರು. ಅವರಲ್ಲಿ ಹೆಂಗಸರು ಇನ್ನೂರು ತುಂಬಲಿಲ್ಲ. ಗೆದ್ದವರು 10 ಮಂದಿ. ಅದೇ ರಾಜ್ಯದ ಅದೇ ಊರುಗಳ ಪಂಚಾಯಿತಿಗಳಲ್ಲಿ ಅರ್ಧಕ್ಕರ್ಧ ಹೆಂಗಸರು! ಊರು ಬೇರೆಯಲ್ಲ, ಜನ ಬೇರೆಯಲ್ಲ, ನಿಯಮ ಮಾತ್ರ ಬೇರೆ. 2023ರಲ್ಲಿ ಸಂಸತ್ತು ಸಂವಿಧಾನಕ್ಕೆ 106ನೆಯ ತಿದ್ದುಪಡಿ ಮಾಡಿ, ಲೋಕಸಭೆ ಮತ್ತು ವಿಧಾನಸಭೆಗಳಲ್ಲಿಯೂ ಮೂರನೆಯ ಒಂದು ಪಾಲನ್ನು ಹೆಂಗಸರಿಗೆ ಗೊತ್ತುಮಾಡಿತು. ಜನಗಣತಿ, ಕ್ಷೇತ್ರಗಳ ಮರುವಿಂಗಡಣೆ ಆದ ಮೇಲೆ ಅದು ಜಾರಿಯಾಗತಕ್ಕದ್ದೆಂದು ಆ ತಿದ್ದುಪಡಿಯಲ್ಲಿಯೇ ಬರೆದಿದೆ.

ಪಂಚಾಯಿತಿಯ ನಿಯಮ ಒಂದೇ ದಿನದಲ್ಲಿ ಬಂದದ್ದಲ್ಲ. 1957ರಲ್ಲಿ ಬಲವಂತರಾಯ್ ಮೆಹತಾ ಸಮಿತಿ, ಹೆಂಗಸರು ಮಕ್ಕಳ ಕೆಲಸದಲ್ಲಿ ಆಸಕ್ತಿಯುಳ್ಳ ಇಬ್ಬರು ಹೆಂಗಸರನ್ನು ಸೇರಿಸಿಕೊಳ್ಳಿರೆಂದು ಸಲಹೆ ಮಾಡಿತು. ಸೇರಿಸಿಕೊಳ್ಳುವುದು ಎಂದರೆ ಗಂಡಸರು ಆರಿಸಿ ಕೂರಿಸುವುದು. ಕೂತವರು ಊರ ದೊಡ್ಡ ಮನೆಯ ಹೆಂಗಸರೇ ಆಗುತ್ತಿದ್ದುದರಲ್ಲಿ ಆಶ್ಚರ್ಯವೇನಿದೆ? ಆಮೇಲೆ ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬರು 1983ರ ಕಾಯಿದೆಯನ್ನು ತಂದರು. ಊರೂರಿಗೆ ಕೊಳವೆಬಾವಿ ಹಾಕಿಸಿ ನೀರ್ ಸಾಬ್ ಎನಿಸಿಕೊಂಡವರು ಅವರೇ. ಆ ಕಾಯಿದೆಯಂತೆ 1987ರಲ್ಲಿ ಜಿಲ್ಲಾ ಪರಿಷತ್ತಿಗೂ ಮಂಡಲ ಪಂಚಾಯಿತಿಗೂ ಚುನಾವಣೆ ನಡೆದಾಗ, ನಾಲ್ಕರಲ್ಲೊಂದು ಸ್ಥಾನ ಹೆಂಗಸರದು. ದೇಶದ ಬಾಕಿ ಕಡೆ ಇಂಥದು ಕಡ್ಡಾಯವಾಗಲು ಇನ್ನೂ ಆರು ವರ್ಷ ಬೇಕಾಯಿತು. ಸಂವಿಧಾನದ 73ನೆಯ ತಿದ್ದುಪಡಿ 1993ರ ಏಪ್ರಿಲ್ 24ರಿಂದ ಜಾರಿಗೆ ಬಂತು. ಅದೇ ವರ್ಷ ನಮ್ಮ ಕರ್ನಾಟಕ ಪಂಚಾಯತ್ ರಾಜ್ ಕಾಯಿದೆ ಬಂತು. ಹೆಂಗಸರಿಗೆ ಮೂರನೆಯ ಒಂದು ಪಾಲು, ಪರಿಶಿಷ್ಟ ಜಾತಿ ಪಂಗಡಗಳಿಗೆ ಜನಸಂಖ್ಯೆಗೆ ತಕ್ಕ ಪಾಲು, ಹಿಂದುಳಿದ ವರ್ಗಗಳಿಗೆ ಬೇರೆ ಪಾಲು. 2010ರಲ್ಲಿ ಕಾಯಿದೆಯನ್ನು ತಿದ್ದಿ ಹೆಂಗಸರ ಪಾಲನ್ನು ಅರ್ಧಕ್ಕೆ ಏರಿಸಿದರು. 400 ಜನಕ್ಕೆ ಒಬ್ಬ ಸದಸ್ಯರೆಂಬುದು ಲೆಕ್ಕ. 6,400 ಜನರಿರುವ ಪಂಚಾಯಿತಿಯಾದರೆ 16 ಸ್ಥಾನ, ಅದರಲ್ಲಿ 8 ಹೆಂಗಸರದು. ಅಧ್ಯಕ್ಷ ಉಪಾಧ್ಯಕ್ಷರ ಸ್ಥಾನಗಳೂ ಸರದಿಯ ಮೇಲೆ ಮೀಸಲು.

ಕಾಯಿದೆಯಷ್ಟೇ ಮುಖ್ಯವಾದದ್ದು ಇನ್ನೊಂದು ಇದೆ, ಅದನ್ನು ಜನ ಮರೆಯುತ್ತಾರೆ. ಅದು ಜಮೀನು. ಗೇಣಿಗೆ ಉಳುವವನು ಒಡೆಯನ ಎದುರಿಗೆ ಉಮೇದುವಾರನಾಗಿ ನಿಲ್ಲುವುದು ಕನಸಿನ ಮಾತು. ಮುಂದಿನ ವರ್ಷ ಉಳಲು ಏನಿರುತ್ತದೆ? 1974ರ ಭೂ ಸುಧಾರಣೆಯಿಂದ ದೇವರಾಜ ಅರಸರ ಸರ್ಕಾರ ಗೇಣಿದಾರನಿಗೆ ಭೂಮಿಯ ಹಕ್ಕು ಕೊಟ್ಟಿತು. ಅದಕ್ಕೆ ಎರಡು ವರ್ಷ ಮೊದಲು, 1972ರ ಚುನಾವಣೆಯಲ್ಲಿ, ವಿಧಾನಸಭೆಯ ಮೆಟ್ಟಿಲನ್ನು ಎಂದೂ ಹತ್ತದಿದ್ದ ಸಣ್ಣ ಸಣ್ಣ ಜಾತಿಗಳವರಿಗೆ ಅರಸರು ಟಿಕೆಟ್ಟು ಕೊಡಿಸಿದ್ದರು. ಈ ಎರಡೂ ಸೇರಿಯೇ ಹಿಂದುಳಿದವರಿಗೆ ನಿಲ್ಲುವ ಧೈರ್ಯ ಬಂದದ್ದೆಂದು ನನ್ನ ಎಣಿಕೆ. ಕಾಲ ಕೆಳಗೆ ಸ್ವಂತ ನೆಲ ಇರಬೇಕು, ಆಗ ಎದ್ದು ನಿಲ್ಲುವುದಕ್ಕಾಗುತ್ತದೆ.

ಈಗ ನೀರಿನ ವಿಚಾರ ಹೇಳುತ್ತೇನೆ. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಹಿರಿಯರು ಕೆರೆ ಕಟ್ಟಿ ಬದುಕಿದರು. ಕೆರೆಯಿದ್ದಲ್ಲಿ ನೀರಗಂಟಿ ಇದ್ದ. ತೂಬು ಎತ್ತುವವನು ಅವನು, ಕಾಲುವೆಯಲ್ಲಿ ಮೊದಲ ಗದ್ದೆಗೆ ಎಷ್ಟು, ಕೊನೆಯ ಗದ್ದೆಗೆ ಎಷ್ಟು ಎಂದು ಹೊತ್ತು ನೋಡಿ ಹಾಯಿಸುವವನು ಅವನು. ಕೆರೆಯಲ್ಲಿ ನೀರು ಇಷ್ಟೇ ಇದೆ, ಈ ಸಲ ಭತ್ತ ಬೇಡ, ರಾಗಿ ಇಡಿ ಎಂದು ಹೇಳಬಲ್ಲವನೂ ಅವನೇ. ಸುಗ್ಗಿಯಲ್ಲಿ ಕಣಕ್ಕೆ ಬಂದು ತನ್ನ ಆಯದ ಕಾಳನ್ನು ತೆಗೆದುಕೊಂಡು ಹೋಗುತ್ತಿದ್ದ. ಸಾಮಾನ್ಯವಾಗಿ ಅವನು ದಲಿತರ ಮನೆಯವನು. ಕೆರೆಯ ವಿಚಾರವಾಗಿ ಊರವರು ಕಟ್ಟೆಯ ಮೇಲೆ ಸೇರಿದಾಗ, ಎಲ್ಲರಿಗಿಂತ ಹೆಚ್ಚು ತಿಳಿದ ಅವನು ಕಟ್ಟೆಯ ಕೆಳಗೆ ನಿಂತಿರುತ್ತಿದ್ದ. ಕೇಳಿದರೆ ಹೇಳಬೇಕು, ಕೇಳದಿದ್ದರೆ ಇಲ್ಲ.

ಈ ಪದ್ಧತಿಯಿಂದ ನಷ್ಟವಾದದ್ದು ಅವನೊಬ್ಬನಿಗೇ ಎಂದು ತಿಳಿಯಬೇಡಿ. ಕೊಳವೆಬಾವಿ ಬಂದು ತೂಬಿನ ಕೆಲಸ ನಿಂತಿತು, ಕಾಲುವೆಗಳು ಮುಚ್ಚಿಹೋದವು, ಕೊಳವೆಬಾವಿಗಳೂ ಸಾವಿರ ಅಡಿ ದಾಟಿ ಬತ್ತಿದವು. 2018ರ ಜೂನಿನಲ್ಲಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರದ ಕೆರೆಗೆ ಬಂತು. ಮುಂದೆ ಒಂದರಿಂದ ಒಂದಕ್ಕೆ ಹರಿದು 126 ಕೆರೆ ತುಂಬಬೇಕೆಂಬುದು ಯೋಜನೆ. ಯಾವ ಕೋಡಿ ಎಲ್ಲಿಗೆ ಹೋಗುತ್ತದೆ, ಯಾವ ರಾಜಕಾಲುವೆ ಯಾರ ಹೊಲದಲ್ಲಿ ಮುಚ್ಚಿದೆ ಎಂದು ಆಗ ಹುಡುಕಬೇಕಾಯಿತು. ಆ ತಿಳುವಳಿಕೆ ಯಾರಲ್ಲಿ ಇತ್ತೆಂದು ಬೇರೆ ಹೇಳಬೇಕೇ? ಮುಚ್ಚಿದ ಕಾಲುವೆಯ ಮಾತೆತ್ತಿದರೆ ಒತ್ತಿಕೊಂಡವರಿಗೆ ಬೇಸರವಾಗುತ್ತದೆ. ಕಟ್ಟೆಯ ಕೆಳಗೆ ನಿಂತವನು ಆ ಮಾತನ್ನು ಎತ್ತಲಾರ. ಪಂಚಾಯಿತಿಯ ಸದಸ್ಯನಾಗಿ ಕುರ್ಚಿಯ ಮೇಲೆ ಕೂತವನು ಎತ್ತಬಲ್ಲ. ಎತ್ತಿದರೆ ಅದು ಸಭೆಯ ಪುಸ್ತಕದಲ್ಲಿ ಬರೆದುಕೊಳ್ಳಬೇಕಾದ ಮಾತಾಗುತ್ತದೆ.

ಕುಡಿಯುವ ನೀರಿನ ವಿಚಾರವೂ ಹಾಗೆಯೇ. ಬಿಂದಿಗೆ ಹೊರುವವರು ಯಾರೆಂದು ನಿಮಗೆ ಗೊತ್ತು. ಎರಡು ಮೈಲಿ ಹೊತ್ತವಳಿಗೆ ನೀರಿನ ಬೆಲೆ ತಿಳಿಯುವಷ್ಟು, ಮನೆಯಲ್ಲಿ ಕೂತು ಲೋಟದಲ್ಲಿ ಕುಡಿದವನಿಗೆ ತಿಳಿಯದು. ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೋ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಪಶ್ಚಿಮ ಬಂಗಾಳದ ಬೀರ್‌ಭೂಮ್, ರಾಜಸ್ಥಾನದ ಉದಯಪುರ ಜಿಲ್ಲೆಗಳ ಪಂಚಾಯಿತಿಗಳ ಲೆಕ್ಕವನ್ನು ಹಿಡಿದು ನೋಡಿ 2004ರಲ್ಲಿ ಪ್ರಕಟಿಸಿದರು. ಅಧ್ಯಕ್ಷ ಸ್ಥಾನ ಹೆಂಗಸರಿಗೆ ಮೀಸಲಾದ ಕಡೆ ಕುಡಿಯುವ ನೀರಿನ ಕೆಲಸಗಳು ಹೆಚ್ಚಾಗಿ ನಡೆದಿದ್ದವು. ಎರಡು ಕಡೆಯೂ ಹಾಗೆಯೇ. ಬಂಗಾಳಕ್ಕೂ ರಾಜಸ್ಥಾನಕ್ಕೂ ನೂರಾರು ಮೈಲಿ ದೂರವಿದ್ದರೂ ಬಿಂದಿಗೆ ಹೊರುವವರು ಎರಡು ಕಡೆಯೂ ಒಂದೇ.

ನಮ್ಮ ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಹಾಕುವುದು ಯಾಕೆ? ರಾಗಿಯ ನಡುವೆ ಅವರೆ, ತೊಗರಿ, ಸಾಸಿವೆ, ಜೋಳ. ಒಂದು ಬೆಳೆಗೆ ಮಳೆ ಕೈಕೊಟ್ಟರೆ ಇನ್ನೊಂದು ಕೈ ಹಿಡಿಯುತ್ತದೆ. ಒಂದರ ಬೇರು ಮೇಲೆ, ಒಂದರ ಬೇರು ಆಳ. ಪಂಚಾಯಿತಿಯೂ ಹೀಗಿರಬೇಕೆಂದು ಹಿಂದೆ ನಾನು ಒಂದು ಕಡೆ ಹೇಳಿದಾಗ ಒಬ್ಬ ಅಜ್ಜಿ ಎದ್ದು, "ಅಕ್ಕಡಿ ಸಾಲು ಹಾಕಿದರೂ ಹೊಲಕ್ಕೆ ರಾಗಿ ಹೊಲ ಅಂತಲೇ ಹೆಸರಲ್ಲವೇನಪ್ಪಾ?" ಎಂದು ಕೇಳಿದಳು. ಸಭೆ ನಕ್ಕಿತು. ನನಗೆ ಉತ್ತರ ಸಿಕ್ಕಲಿಲ್ಲ. ಆ ಪ್ರಶ್ನೆಯ ಮೇಲೆಯೇ ಈಗ ಉಳಿದ ಮಾತನ್ನು ಆಡುತ್ತೇನೆ.

ಉಮೇದುವಾರರು ಬಗೆಬಗೆಯಾದರು, ನಿಜ. ನಾಮಪತ್ರಗಳ ಪಟ್ಟಿಯನ್ನು ಓದಿದರೆ ಕುರುಬರು, ಒಕ್ಕಲಿಗರು, ತಿಗಳರು, ಬೋವಿಗಳು, ಮಾದಿಗರು, ಹೊಲೆಯರು, ಮುಸಲ್ಮಾನರು, ನಾಯಕರು, ಎಲ್ಲರೂ ಸಿಕ್ಕುತ್ತಾರೆ. 21 ತುಂಬಿದ ಹುಡುಗರಿದ್ದಾರೆ, ಕಾಲೇಜು ಮುಗಿಸಿದ ಸೊಸೆಯರಿದ್ದಾರೆ, ಅಕ್ಷರ ಬಾರದ ಅತ್ತೆಯರಿದ್ದಾರೆ. 2023ರಲ್ಲಿ ಬಳ್ಳಾರಿ ಜಿಲ್ಲೆ ಸಂಡೂರು ತಾಲ್ಲೂಕಿನ ಚೋರನೂರು ಪಂಚಾಯಿತಿಗೆ ಮಂಗಳಮುಖಿಯೊಬ್ಬರು ಅಧ್ಯಕ್ಷರಾದರು. ಆದರೆ ಹೊಲದ ಹೆಸರು ಬದಲಾಯಿತೇ? ಅಧ್ಯಕ್ಷೆಯ ಹೆಸರು ಬೋರ್ಡಿನ ಮೇಲಿದ್ದು, ಕುರ್ಚಿಯಲ್ಲಿ ಅವಳ ಗಂಡನೋ ಮಗನೋ ಕೂತಿರುವ ಕಛೇರಿಗಳನ್ನು ನೀವು ನೋಡಿದ್ದೀರಿ. ಚೆಕ್ಕಿಗೆ ಅಧ್ಯಕ್ಷರೂ ಪಿ.ಡಿ.ಒ. ಅವರೂ ಸಹಿ ಮಾಡಬೇಕು. ಆ ಚೆಕ್ಕುಬುಕ್ಕನ್ನು ಅಡಿಗೆಮನೆಗೆ ಕಳಿಸಿ, ಸಹಿ ಹಾಕಿಸಿ ತರಿಸುವುದೂ ಉಂಟು. ಏನು ಕೆಲಸ, ಎಷ್ಟು ಹಣ, ಯಾರ ಹೆಸರಿಗೆ ಎಂದು ತಿಳಿಯದೆ ಅವಳು ಸಹಿ ಹಾಕುತ್ತಾಳೆ. ಮುಂದೆ ಲೆಕ್ಕ ತಪ್ಪಿದರೆ ನೋಟೀಸು ಬರುವುದು ಯಾರ ಹೆಸರಿಗೆ? ಗಂಡನ ಹೆಸರಿಗಲ್ಲ. ಗಂಡಸರೇ, ನಿಮ್ಮ ಮನೆಯ ಹೆಣ್ಣುಮಗಳನ್ನು ನೀವೇ ಕೋರ್ಟಿನ ಮೆಟ್ಟಿಲಿಗೆ ನೂಕುತ್ತಿದ್ದೀರಿ.

ಇನ್ನೊಂದು ಮಾತನ್ನು ಜಮೀನು ಉಳ್ಳವರಿಗೆ ಹೇಳಬೇಕಾಗಿದೆ, ಕಟುವೆನಿಸಿದರೆ ಸಹಿಸಿಕೊಳ್ಳಿರಿ. ನಿಮ್ಮ ಹೊಲದಲ್ಲಿ ಕಳೆ ಕೀಳಲು ಬರುವ ಹೆಂಗಸು ಸಾಮಾನ್ಯ ಸ್ಥಾನಕ್ಕೆ ನಾಮಪತ್ರ ಹಾಕಿದಳೆನ್ನಿ. ಸಂಜೆಗೆ ಯಾರೋ ಬಂದು ಅವಳ ಗಂಡನ ಹತ್ತಿರ ಮಾತಾಡುತ್ತಾರೆ. ಬೆದರಿಕೆಯ ಮಾತೇನೂ ಇರುವುದಿಲ್ಲ. "ಊರು ಒಂದಾಗಿರಲಿ, ಖರ್ಚು ಯಾಕೆ, ಅವಿರೋಧ ಆಗಲಿ" ಎಂಬ ಸಿಹಿ ಮಾತು. ಆ ಸಿಹಿ ಮಾತಿನ ಹಿಂದೆ ನಾಳೆಯ ಕೂಲಿ ಇದೆ, ಮದುವೆಗೆ ತಂದ ಸಾಲ ಇದೆ, ಹಸುವಿಗೆ ಹುಲ್ಲು ಕೊಯ್ಯುವ ಬದು ಇದೆ. ಮರುದಿನ ಅವಳು ನಾಮಪತ್ರ ವಾಪಸು ತೆಗೆದುಕೊಳ್ಳುತ್ತಾಳೆ. ಪತ್ರಿಕೆಯಲ್ಲಿ ಅವಿರೋಧ ಆಯ್ಕೆಯೆಂದು ಹಾರ ಹಾಕಿದ ಚಿತ್ರ ಬರುತ್ತದೆ. ನಾಲ್ಕು ಜನ ನಿಂತು, ಸೋತವನು ಗೆದ್ದವನ ಜೊತೆ ಮಾರನೆಯ ದಿನ ಕೆರೆ ಏರಿಯ ಮೇಲೆ ಮಾತಾಡುವ ಊರು, ನನ್ನ ದೃಷ್ಟಿಯಲ್ಲಿ, ಆ ಊರಿಗಿಂತ ಎಷ್ಟೋ ಒಳ್ಳೆಯದು. ಅವಿರೋಧವೆಲ್ಲ ಕೆಟ್ಟದ್ದೆಂದು ನಾನು ಹೇಳಲಾರೆ. ಹಿಂದೆ ಸರಿದವರು ತಾವಾಗಿ ಸರಿದರೋ ಎಂದು ಕೇಳಿ ನೋಡಿರಿ ಎನ್ನುತ್ತೇನೆ. 2020ರ ಪಂಚಾಯಿತಿ ಚುನಾವಣೆಯಲ್ಲಿ ರಾಜ್ಯದ ಕೆಲವು ಹಳ್ಳಿಗಳಲ್ಲಿ ಸದಸ್ಯ ಸ್ಥಾನವನ್ನೇ ಹರಾಜು ಹಾಕಿದ ಸುದ್ದಿ ಬಂತು. ಗುಡಿ ಕಟ್ಟಿಸುತ್ತೇವೆಂದು ಹೇಳಿ ಹಣ ಕಟ್ಟಿದವನಿಗೆ ಸ್ಥಾನ! ಹರಾಜಿನಲ್ಲಿ ಬಡವ ಕೂಗುವುದೆಲ್ಲಿ ಬಂತು? ಅದು ಕಾನೂನಿಗೆ ವಿರೋಧವಾದ ಕೆಲಸ. ಗುಡಿಯ ಹೆಸರು ಹೇಳಿದ ಮಾತ್ರಕ್ಕೆ ಶುದ್ಧವಾಗುವುದಿಲ್ಲ.

"ಅನುಭವವಿಲ್ಲದವರು ಬಂದು ಏನು ಮಾಡಿಯಾರು?" ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಮೊದಲ ಸಲ ರೇಷ್ಮೆ ಹುಳು ಸಾಕಿದಾಗ ನಿಮಗೆ ಎಷ್ಟು ಅನುಭವ ಇತ್ತು? ಒಂದು ಬೆಳೆ ಹಾಳಾಯಿತು, ಎರಡನೆಯದರಲ್ಲಿ ಅರ್ಧ ಗೂಡು ಕಟ್ಟಿತು, ಮೂರನೆಯದರಲ್ಲಿ ಕೈ ಕುದುರಿತು. ಸದಸ್ಯರಿಗೆ ತರಬೇತಿ ಇದೆ. ನಜೀರ್ ಸಾಬರ ಹೆಸರಿನಲ್ಲಿಯೇ ಮೈಸೂರಿನಲ್ಲಿ ಒಂದು ಸಂಸ್ಥೆ ಬೆಳೆದು ಬಂದಿದೆ. ತರಬೇತಿಗೆ ಹೆಂಡತಿಯ ಬದಲು ತಾನೇ ಹೋಗುವ ಗಂಡನನ್ನು ಏನೆನ್ನಬೇಕೋ ತಿಳಿಯದು. ಎಮ್ಮೆಗೆ ಜ್ವರ ಬಂದರೆ ಕೋಣಕ್ಕೆ ಸೂಜಿ ಹಾಕಿಸುವ ರೈತ ಇದ್ದಾನೆಯೇ?

ಅನುಭವ ಬರುವಷ್ಟರಲ್ಲಿ ಮೀಸಲಾತಿಯ ಸರದಿ ಮುಗಿಯುತ್ತದೆ. ಮುಂದಿನ ಸಲ ಆ ಸ್ಥಾನ ಬೇರೆಯವರಿಗೆ. ಆಗ "ನಿನ್ನ ಸರದಿ ಆಯಿತಮ್ಮ, ಮನೆಗೆ ಹೋಗು" ಎನ್ನುತ್ತಾರೆ. ಇಲ್ಲಿ ಒಂದು ದೊಡ್ಡ ತಪ್ಪು ತಿಳುವಳಿಕೆ ಬೇರೂರಿದೆ. ಮೀಸಲು ಸ್ಥಾನಕ್ಕೆ ಆಯಾ ವರ್ಗದವರು ಮಾತ್ರ ನಿಲ್ಲಬಹುದು. ಆದರೆ ಸಾಮಾನ್ಯ ಸ್ಥಾನಕ್ಕೆ ಯಾರು ಬೇಕಾದರೂ ನಿಲ್ಲಬಹುದು: ಹೆಂಗಸು ನಿಲ್ಲಬಹುದು, ಪರಿಶಿಷ್ಟ ಜಾತಿಯವರು ನಿಲ್ಲಬಹುದು, ಹಿಂದುಳಿದವರು ನಿಲ್ಲಬಹುದು. ಸಾಮಾನ್ಯ ಎಂದರೆ ಮುಂದುವರಿದ ಗಂಡಸರದು ಎಂದು ಎಲ್ಲಿಯೂ ಬರೆದಿಲ್ಲ. ಐದು ವರ್ಷ ಚೆನ್ನಾಗಿ ಕೆಲಸ ಮಾಡಿದವಳು ಅದೇ ವಾರ್ಡಿನಿಂದ ಸಾಮಾನ್ಯ ಸ್ಥಾನಕ್ಕೆ ನಿಂತು ಗೆದ್ದ ದಿನ, ಅಕ್ಕಡಿ ಸಾಲು ಕೇಳಿದ ಅಜ್ಜಿಗೆ ಉತ್ತರ ಸಿಕ್ಕೀತು.

ಭಾಷೆಯ ಒಂದು ಸಣ್ಣ ಸಂಗತಿ. ನಮ್ಮ ಗಡಿ ಸೀಮೆಯಲ್ಲಿ ಎಷ್ಟೋ ಮನೆಗಳಲ್ಲಿ ತೆಲುಗು ಮಾತು, ಕೆಲವು ಕಡೆ ತಮಿಳು, ಉರ್ದು. ಕಛೇರಿಯ ಕಾಗದವೆಲ್ಲ ಕನ್ನಡ. ಅದು ಸರಿಯೇ, ನಮ್ಮ ನಾಡಿನ ಭಾಷೆ ಅದು. ಆದರೆ ಶಾಲೆಗೆ ಹೋಗದ ಹೆಂಗಸು ಸಭೆಯಲ್ಲಿ ಎದ್ದು ತೆಲುಗಿನಲ್ಲಿ ತನ್ನ ಓಣಿಯ ಕಷ್ಟ ಹೇಳಿದರೆ ನಗಬೇಡಿ. ಕೇಳಿಕೊಂಡು ಕನ್ನಡದಲ್ಲಿ ಬರೆದುಕೊಳ್ಳುವುದು ಬರೆಯಬಲ್ಲವರ ಕೆಲಸ. ಒಮ್ಮೆ ನಕ್ಕರೆ ಅವಳು ಐದು ವರ್ಷ ಬಾಯಿ ತೆರೆಯುವುದಿಲ್ಲ, ಆ ಓಣಿಗೆ ಐದು ವರ್ಷ ನಲ್ಲಿ ಬರುವುದಿಲ್ಲ.

ಹಾಗಾದರೆ ಮಾಡಬೇಕಾದುದೇನು? ವಾರ್ಡು ಸಭೆ, ಗ್ರಾಮಸಭೆಗಳು ಆರು ತಿಂಗಳಿಗೆ ಒಮ್ಮೆಯಾದರೂ ಸೇರತಕ್ಕದ್ದೆಂದು ಕಾಯಿದೆ ಹೇಳುತ್ತದೆ. ಹೋಗಿರಿ. ಅಧ್ಯಕ್ಷೆಯ ಬದಲು ಅವಳ ಗಂಡ ಉತ್ತರ ಹೇಳಲು ಎದ್ದರೆ, "ಅಣ್ಣಾ, ನೀವು ಕೂತ್ಕೊಳ್ಳಿ, ಅಕ್ಕ ಹೇಳಲಿ" ಎಂದು ಮರ್ಯಾದೆಯಿಂದ ಹೇಳಿರಿ. ಎರಡು ಸಲ ಹೇಳಿದರೆ ಮೂರನೆಯ ಸಲ ಅವನೇ ಏಳುವುದಿಲ್ಲ. ಮೊದಲ ದಿನ ಅವಳ ಉತ್ತರ ತಡವರಿಸೀತು. ಕಾಯಿರಿ; ಟೊಮೇಟೊ ಮಂಡಿಯಲ್ಲಿ ಹರಾಜಿಗೆ ಇಡೀ ದಿನ ಕಾಯುತ್ತೀರಿ, ಇಲ್ಲಿ ಹತ್ತು ನಿಮಿಷ ಕಾಯಲಾರಿರಾ?

ಸೋದರಿಯರಿಗೂ ಹುಡುಗರಿಗೂ ಒಂದು ಕೆಲಸದ ಮಾತು. ಮುಂದಿನ ಚುನಾವಣೆ ಯಾವಾಗ ಬಂದರೂ, ನಿಲ್ಲಬೇಕೆಂಬ ಮನಸ್ಸಿದ್ದವರು ಈಗಿನಿಂದಲೇ ಸಿದ್ಧರಾಗಿರಬೇಕು. ಪಂಚಾಯಿತಿಗೆ ನಿಲ್ಲಲು 21 ತುಂಬಿರಬೇಕು, ವಿಧಾನಸಭೆಗಾದರೆ 25. ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರು ಇದೆಯೇ, ಅಕ್ಷರ ತಪ್ಪಿಲ್ಲದೆ ಇದೆಯೇ ಎಂದು ಸ್ವತಃ ನೋಡಿಕೊಳ್ಳಿರಿ. ಮದುವೆಯಾಗಿ ಬಂದ ಸೊಸೆಯರ ಹೆಸರು ತವರೂರಿನ ಪಟ್ಟಿಯಲ್ಲಿಯೇ ಉಳಿದಿರುವುದು ಸಾಮಾನ್ಯ. ಅಂಥವರು ಅರ್ಜಿ ಕೊಟ್ಟು ಇಲ್ಲಿಗೆ ಸೇರಿಸಿಕೊಳ್ಳಬೇಕು. ಮೀಸಲು ಸ್ಥಾನಕ್ಕೆ ಜಾತಿ ಪ್ರಮಾಣಪತ್ರ ಬೇಕು. ಅದನ್ನು ಹೋಬಳಿಯ ನಾಡಕಛೇರಿಯಲ್ಲಿ ಅರ್ಜಿ ಕೊಟ್ಟು ಪಡೆಯಬೇಕು. ನಾಮಪತ್ರದ ಕೊನೆಯ ದಿನ ಓಡಿದರೆ ಸಿಕ್ಕುವುದಿಲ್ಲ, ಆ ಒಂದು ಕಾಗದವಿಲ್ಲದೆ ಹಿಂದಿರುಗಿದವರು ಎಷ್ಟೋ ಮಂದಿ. 2020ರ ಚುನಾವಣೆಯಲ್ಲಿ ಠೇವಣಿ ಸಾಮಾನ್ಯರಿಗೆ 200 ರೂಪಾಯಿ, ಹೆಂಗಸರಿಗೂ ಪರಿಶಿಷ್ಟರಿಗೂ ಹಿಂದುಳಿದವರಿಗೂ 100 ರೂಪಾಯಿ ಇತ್ತು. ಒಂದು ದಿನದ ಕೂಲಿಗಿಂತ ಹೆಚ್ಚಲ್ಲ. ನಾಮಪತ್ರವನ್ನು ತುಂಬುವಾಗ ನಿಮ್ಮ ಹೆಸರನ್ನು ನೀವೇ ಹೇಳಿ ಬರೆಸಿರಿ, ಸಹಿ ಬರುವವರು ಓದಿಸಿಕೊಂಡು ಸಹಿ ಮಾಡಿರಿ, ಬಾರದವರು ಹೆಬ್ಬೆಟ್ಟು ಒತ್ತುವ ಮೊದಲು ಇನ್ನೊಮ್ಮೆ ಓದಿಸಿ ಕೇಳಿರಿ. ಠೇವಣಿಯ ರಸೀದಿಯನ್ನು ಮಾತ್ರ ಯಾರ ಕೈಗೂ ಕೊಡದೆ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿರಿ.